ಬೀಗರ ಟೀಮು ಮತ್ತು ಗೋಧೂಳಿ ಮುಹೂರ್ತ

ಪಂಚಾಂಗವನ್ನು ಜನ ಸುಮ್ಮನೆ ದೂರುತ್ತಾರೆ. ತಿಥಿ, ವಾರ, ನಕ್ಷತ್ರ, ಯೋಗ, ಕರಣ ಎಂದು ಐದು ಅಂಗಗಳು, ಮೇಲೆ ರಾಹುಕಾಲ ಗುಳಿಕಕಾಲಗಳ ಕಾಟ. ಒಂದು ಶುಭಕಾರ್ಯಕ್ಕೆ ದಿನ ಹುಡುಕುವಷ್ಟರಲ್ಲಿ ಹುಡುಗನ ತಲೆ ನರೆಯುತ್ತದೆ ಎನ್ನುತ್ತಾರೆ. ಪ್ರಾಯದಲ್ಲಿ ನಾನೂ ಹೀಗೆಯೇ ಮಾತಾಡಿದವನು. ಈಗ ಪಂಚಾಂಗದ ಮುಂದೆ ತಲೆಬಾಗುತ್ತೇನೆ. ಅದಕ್ಕೊಂದು ಮರ್ಯಾದೆಯಿದೆ. ಯುಗಾದಿಗೆ ಅಚ್ಚಾಗಿ ಬಂದರೆ ಮುಂದಿನ ಯುಗಾದಿಯವರೆಗೆ ಆಡಿದ ಮಾತಿಗೆ ತಪ್ಪುವುದಿಲ್ಲ. ಗ್ರಹಗಳು ಒಂಬತ್ತು ಎಂದರೆ ಒಂಬತ್ತೇ. “ಈ ವರ್ಷದಿಂದ ನವಗ್ರಹಗಳು ಹದಿನೆಂಟು, ಹೆಸರು ಮಾತ್ರ ನವಗ್ರಹ ಎಂದೇ ಇರತಕ್ಕದ್ದು” ಎಂದು ಯಾವ ಪಂಚಾಂಗಕರ್ತರೂ ಇದುವರೆಗೆ ಪ್ರಕಟಣೆ ಹೊರಡಿಸಿಲ್ಲ. ಅಮೆರಿಕದ ಕಾಲೇಜು ಫುಟ್‌ಬಾಲಿನವರು ಹೊರಡಿಸಿದ್ದಾರೆ. ನಮ್ಮ ಭಾಗದ ಒಕ್ಕೂಟದ ಹೆಸರಿನಲ್ಲೇ ಹತ್ತು ಎಂದಿದೆ, ತಂಡಗಳು ಹದಿನೆಂಟು. ಲೆಕ್ಕ ಕಲಿಸುವ ವಿಶ್ವವಿದ್ಯಾಲಯಗಳೇ ಕೂಡಿ ಹೀಗೆ ಮಾಡಿದ ಮೇಲೆ ಕೇಳುವವರು ಯಾರು?

ಕೇಳುವ ಉದ್ದೇಶ ನನಗೂ ಇರಲಿಲ್ಲ. ನಾನು ಡಿಯರ್‌ಬಾರ್ನ್‌ನಲ್ಲಿ ಕಾರಿನ ಬಾಗಿಲುಗಳ ಕೀಲು ವಿನ್ಯಾಸ ಮಾಡುವ ಎಂಜಿನಿಯರು. ಬಾಗಿಲು ತೆರೆಯಬೇಕು, ಮುಚ್ಚಬೇಕು. ಇದಕ್ಕಿಂತ ಹೆಚ್ಚಿನ ಫಾರ್ಮ್ಯಾಟ್ ನನ್ನ ವೃತ್ತಿಜೀವನದಲ್ಲಿ ಬಂದಿಲ್ಲ. ಶನಿವಾರ ಇಡೀ ಆಫೀಸು ಒಂದೇ ಬಣ್ಣದ ಅಂಗಿ ತೊಟ್ಟು ಸ್ಟೇಡಿಯಂಗೆ ಹೊರಟರೆ ನಾನು ಖಾಲಿ ಬಿದ್ದ ಇಂಡಿಯನ್ ಅಂಗಡಿಗೆ ಹೋಗಿ ನಿಧಾನವಾಗಿ ಎಳೆ ಬೆಂಡೆಕಾಯಿ ಆರಿಸುತ್ತಿದ್ದೆ. ಈ ಆಟದಿಂದ ನಾನು ಪಡೆದ ಲಾಭ ಅಷ್ಟೇ. ಅಂಥ ನೆಮ್ಮದಿಯ ಬಾಳಿಗೆ ನನ್ನ ಮಗಳು ಅನಘಾ ಒಬ್ಬ ಬೀಗರನ್ನು ತಂದಳು.

ಬೀಗರು ಅಂದರೆ ಡಾಕ್ಟರ್ ಕುಲಕರ್ಣಿ. ಧಾರವಾಡದವರು, ಈಗ ಶಿಕಾಗೋ ಪಕ್ಕದ ಗ್ಲೆಂಡೇಲ್ ಹೈಟ್ಸ್‌ನಲ್ಲಿ ಮನೆ. ಎಲುಬಿನ ಡಾಕ್ಟರಾದ್ದರಿಂದ ಫುಟ್‌ಬಾಲನ್ನು ಭಕ್ತಿಯಿಂದಲೂ ವೃತ್ತಿಗೌರವದಿಂದಲೂ ನೋಡುತ್ತಾರೆ. ಅವರು ಡಾಕ್ಟರಿಕೆಯ ತರಬೇತಿಯಾದ ರೆಸಿಡೆನ್ಸಿ ಮಾಡಿದ್ದು ಜೋಳದ ಹೊಲಗಳ ನಡುವಿನ ಒಂದು ವಿಶ್ವವಿದ್ಯಾಲಯದಲ್ಲಿ. ಅದರ ಟೀಮು ಸೋಲುವುದರಲ್ಲಿ ಎಂದೂ ಸೋತದ್ದಲ್ಲ. ಆದರೂ ಅವರಿಗೊಂದು ಹರಕೆ: ಟೀಮು ಎಂದಾದರೂ ಒಕ್ಕೂಟದ ಫೈನಲ್ ತಲುಪಿದರೆ ತಾವು ಖುದ್ದು ಸ್ಟೇಡಿಯಂನಲ್ಲಿ ಹಾಜರಿರಬೇಕು. ಹುಡುಗ ಹುಡುಗಿ ಒಪ್ಪಿ, ಜಾತಕ ಕೂಡಿ, ಬಾಳೆಎಲೆ ತೆಗೆಯುವ ಹೊತ್ತಿಗೆ ಅವರು ಈ ಹರಕೆಯ ವಿಷಯ ತೆಗೆದರು. ನಾನು ಅದನ್ನು ಪಾಯಸದ ಜೊತೆ ನುಂಗಿ ಮರೆತೆ.

ನಿಶ್ಚಿತಾರ್ಥಕ್ಕೆ ದಿನ ಹುಡುಕಲು ಕೂತಾಗ ನೆನಪಾಯಿತು. ನನ್ನ ಅತ್ತೆಯವರು, ಅಂದರೆ ಹೆಂಡತಿ ಪದ್ಮಳ ತಾಯಿ, ಮೈಸೂರಿನಿಂದ ಬಂದಿದ್ದರು. ಡಿಸೆಂಬರ್ ಎರಡನೆಯ ವಾರಕ್ಕೆ ಅವರ ಟಿಕೆಟ್ಟು. “ಮೊಮ್ಮಗಳ ಕೈಗೆ ತಾಂಬೂಲ ಕೊಟ್ಟೇ ವಿಮಾನ ಹತ್ತೋದು. ಈ ಮಂಡಿ ಇಟ್ಕೊಂಡು ಇನ್ನೊಂದ್ಸಲ ಬರೋಳಲ್ಲ ನಾನು” ಎಂದಿದ್ದರು. ಅತ್ತೆಯವರು ಬೆದರಿಕೆ ಹಾಕುವವರಲ್ಲ, ಮಾಹಿತಿ ಕೊಡುವವರು. ಸೆಪ್ಟೆಂಬರ್ ಕೊನೆಯಲ್ಲಿ ಬೀಗರ ಟೀಮಿಗೆ ಆಟವಿಲ್ಲದ ಒಂದು ಬಿಡುವಿನ ವಾರವಿತ್ತು. ಅದು ಸರಿಯಾಗಿ ಪಿತೃಪಕ್ಷದಲ್ಲಿ ಬಿತ್ತು. ಅಕ್ಟೋಬರ್, ನವೆಂಬರ್‌ಗಳಲ್ಲಿ ಹಾಲ್‌ಗಳೆಲ್ಲ ಭರ್ತಿ. ಡಿಸೆಂಬರ್ ನಡುವಿನಿಂದ ಧನುರ್ಮಾಸ. ಕೊನೆಗೆ ಪುರೋಹಿತರಾದ ಶಾಸ್ತ್ರಿಗಳು ಡಿಸೆಂಬರಿನ ಮೊದಲ ಶನಿವಾರ ಸಂಜೆ ಗೋಧೂಳಿ ಮುಹೂರ್ತ ಎಂದರು. ಸೌತ್‌ಫೀಲ್ಡ್‌ನ ಒಂದು ಹಾಲ್ ಆ ಸಂಜೆಗಷ್ಟೇ ಖಾಲಿಯಿತ್ತು. ಮಿಶಿಗನ್ನಿನ ಡಿಸೆಂಬರಿನಲ್ಲಿ ಗೋವೂ ಇಲ್ಲ, ಧೂಳೂ ಇಲ್ಲ. ಎಕ್ಸ್‌ಪ್ರೆಸ್‌ವೇ ಮೇಲೆ ಹಿಮ ಕರಗಿಸಲು ಸುರಿದ, ಟ್ರಕ್ಕುಗಳು ಎಬ್ಬಿಸುವ ಉಪ್ಪಿನ ಪುಡಿಯೇ ಗತಿ. ಇರಲಿ, ಶಾಸ್ತ್ರಕ್ಕೆ ಉಪ್ಪೂ ಆದೀತು ಎಂದು ಹಾಲ್ ಹಿಡಿದು ಬೀಗರಿಗೆ ಫೋನ್ ಮಾಡಿದೆ.

“ಅಡ್ಡಿಯಿಲ್ರೀ,” ಎಂದರು ಬೀಗರು. ಆಮೇಲೆ, “ಆದ್ರ ಆವತ್ತ ನಮ್ಮ ಕಾನ್ಫರೆನ್ಸಿನ ಫೈನಲ್ ಅದಲ್ರೀ. ನಮ್ಮ ಟೀಮ್ ಬಂತಂದ್ರ ನಾ ಅಲ್ಲೇ ಇರಬೇಕಾಗ್ತದ” ಎಂದರು.

“ಬರುತ್ತಾ ಡಾಕ್ಟ್ರೇ?” ಎಂದೆ.

“ಎಲ್ಲೀ ಮಾತ್ರೀ! ನಮ್ಮ ಹುಡುಗ್ರು ಬಸ್ಸಿನಿಂದ ಇಳಿಯೂದ್ರಾಗ ಎರಡ ಸಲ ಎಡವ್ತಾರ. ಧೈರ್ಯಾಗಿ ಇಡ್ರೀ ಮುಹೂರ್ತ.”

ಇಟ್ಟೆ. ಆ ವರ್ಷ ಆ ಹುಡುಗರು ಎಡವುವುದನ್ನು ಬಿಟ್ಟರು.

ಒಂದು ಗೆದ್ದರು, ಆಕಸ್ಮಿಕ ಎಂದೆ. ಎರಡು ಗೆದ್ದರು, ಎದುರಾಳಿ ಸರಿಯಿಲ್ಲ ಎಂದೆ. ನಾಲ್ಕಾದ ಮೇಲೆ ಬೀಗರ ದನಿಯಲ್ಲಿ ಒಂದು ಅಪಾಯಕಾರಿ ವಿನಯ ಕಾಣಿಸಿಕೊಂಡಿತು. “ಏನೂ ಹೇಳಾಕ ಬರಂಗಿಲ್ರೀ ಬೀಗ್ರ” ಎನ್ನತೊಡಗಿದರು. ಹುಡುಗನ ತಂದೆಯೇ ಇಲ್ಲದೆ ತಾಂಬೂಲ ಬದಲಿಸುವುದು ಯಾರ ಜೊತೆ? ಹಾಲ್ ಬಿಟ್ಟರೆ ಬೇರೆ ಹಾಲ್ ಇಲ್ಲ, ದಿನ ಬಿಟ್ಟರೆ ಸಂಕ್ರಾಂತಿಯವರೆಗೆ ದಿನವಿಲ್ಲ, ಅಷ್ಟರಲ್ಲಿ ಅತ್ತೆಯವರು ಮೈಸೂರಿನಲ್ಲಿರುತ್ತಾರೆ. ಆ ಭಾನುವಾರ ಸ್ನಾನ ಮಾಡಿ, ಮಡಿಯಲ್ಲೇ ನಿಂತು ಒಂದು ತೀರ್ಮಾನ ಮಾಡಿದೆ: ಮುಹೂರ್ತ ಕದಲುವುದಿಲ್ಲ. ಒಂದು ಚೆಂಡಿಗಾಗಿ, ಅದೂ ಗುಂಡಗಿಲ್ಲದ ಚೆಂಡಿಗಾಗಿ, ನನ್ನ ಮಗಳ ತಾಂಬೂಲ ನಿಲ್ಲುವುದಿಲ್ಲ. ಶತ್ರುವನ್ನು ಗೆಲ್ಲಬೇಕಾದರೆ ಮೊದಲು ಅವನ ವ್ಯೂಹವನ್ನು ತಿಳಿಯಬೇಕು. ಅನಘಾಳನ್ನು ಕೂರಿಸಿಕೊಂಡು ಪಾಠ ಹೇಳಿಸಿಕೊಂಡೆ.

ನನಗೆ ತಿಳಿದಂತೆ ವಿಷಯ ಹೀಗಿದೆ. ಕಾನ್ಫರೆನ್ಸ್, ಅಂದರೆ ಒಕ್ಕೂಟ, ಗೋತ್ರವಿದ್ದಂತೆ. ಹಿಂದೆಲ್ಲ ಅಕ್ಕಪಕ್ಕದ ರಾಜ್ಯಗಳ ಕಾಲೇಜುಗಳು ಒಂದು ಗೋತ್ರವಾಗಿ ತಮ್ಮತಮ್ಮಲ್ಲೇ ಹೊಡೆದಾಡಿಕೊಂಡು ಸುಖವಾಗಿದ್ದವು. ಈಗ ಟಿವಿಯವರ ದಕ್ಷಿಣೆ ಎಲ್ಲಿ ಹೆಚ್ಚೋ ಆ ಗೋತ್ರಕ್ಕೆ ದತ್ತು ಹೋಗುತ್ತವೆ. ಹೆಸರಿನಲ್ಲಿ ಅಟ್ಲಾಂಟಿಕ್ ಸಾಗರವಿರುವ ಒಕ್ಕೂಟದಲ್ಲಿ ಕ್ಯಾಲಿಫೋರ್ನಿಯಾದವರಿದ್ದಾರೆ. ಪೆಸಿಫಿಕ್ ದಂಡೆಯವರು ಆಟವಾಡಲು ನಮ್ಮ ಹಿಮಕ್ಕೆ ಹಾರಿ ಬರುತ್ತಾರೆ. ಹುಡುಗರೂ ಅಷ್ಟೇ, ಮೊದಲು ಸೇರಿದ ಕಾಲೇಜಿಗೆ ಮನೆ ಅಳಿಯನಂತೆ ಅಂಟಿಕೊಂಡಿರುತ್ತಿದ್ದವರು ಈಗ ವರ್ಷಕ್ಕೊಂದು ಮಾವನ ಮನೆ ನೋಡುತ್ತಾರೆ. ಮೊದಲು ನಮ್ಮ ಒಕ್ಕೂಟದಲ್ಲಿ ಪೂರ್ವ, ಪಶ್ಚಿಮ ಎಂದು ಎರಡು ಪಾಲಿದ್ದವು, ಒಂದೊಂದು ಪಾಲಿನ ಹಿರಿಯ ಫೈನಲ್ಲಿಗೆ ಹೋಗುತ್ತಿದ್ದ. ನಮಗೆ ಅರ್ಥವಾಗುವಂಥ ವಿಭಾಗಪತ್ರ. ಅದನ್ನು ತೆಗೆದರು. ಈಗ ಹದಿನೆಂಟರಲ್ಲಿ ಮೇಲಿನ ಇಬ್ಬರು ಮಾತ್ರ. ಇನ್ನು ದೇಶದ ಪಟ್ಟಕ್ಕೆ ಹಿಂದೆ ಪತ್ರಕರ್ತರು ಮತ ಹಾಕಿ “ಇವರೇ ಗೆದ್ದರು” ಎನ್ನುತ್ತಿದ್ದರಂತೆ. ಆಮೇಲೆ ಇಬ್ಬರನ್ನು ಆರಿಸಿ ಆಡಿಸಿದರು, ಆಮೇಲೆ ನಾಲ್ವರನ್ನು, ಈಗ ಹನ್ನೆರಡು ತಂಡಗಳನ್ನು. ಆ ಹನ್ನೆರಡರ ಹೊಡೆದಾಟ ನಡೆಯುವುದು ಹೆಚ್ಚುಕಡಿಮೆ ನಮ್ಮ ಧನುರ್ಮಾಸದಲ್ಲೇ. ಈ ಒಂದು ವಿಷಯದಲ್ಲಿ ಅವರ ಶಾಸ್ತ್ರಕ್ಕೂ ನಮ್ಮ ಶಾಸ್ತ್ರಕ್ಕೂ ಪೂರ್ಣ ಸಹಮತವಿದೆ: ಆ ತಿಂಗಳು ಮದುವೆ ಮುಂಜಿ ಕೂಡದು.

“ಅಪ್ಪಾ, ಯೂ ಆರ್ ಟೇಕಿಂಗ್ ನೋಟ್ಸ್?” ಎಂದು ಅನಘಾ ಕಣ್ಣರಳಿಸಿದಳು.

“ನಿನ್ನ ನಿಶ್ಚಿತಾರ್ಥದ ತಯಾರಿ ಕಣಮ್ಮಾ” ಎಂದೆ.

ಅಲ್ಲಿಂದ ಪ್ರತಿ ಶನಿವಾರ ನಾನು ಟಿವಿಯ ಮುಂದೆ ಬೀಗರ ಟೀಮಿನ ಸೋಲಿಗಾಗಿ ಅನುಷ್ಠಾನಕ್ಕೆ ಕೂತೆ. ಬೆಂಡೆಕಾಯಿಯ ಜವಾಬ್ದಾರಿ ಪದ್ಮಳ ಪಾಲಿಗೆ ಹೋಯಿತು. ಮನೆಯಲ್ಲಿ ಬಲಿತ ಬೆಂಡೆಕಾಯಿಯ ಕಾಲ ಶುರುವಾಯಿತು. ಪಕ್ಕದ ಸೋಫಾದಲ್ಲಿ ಅತ್ತೆಯವರು ಬತ್ತಿ ಹೊಸೆಯುತ್ತ, “ಒಂದು ತೆಂಗಿನಕಾಯಿಗೆ ಎಷ್ಟು ಜನ ಬಿದ್ದಿದಾರಪ್ಪ! ಆಳಿಗೊಂದು ಕೊಡಬಾರದಾ?” ಎನ್ನುತ್ತಿದ್ದರು. ನಾನು ಸಂಕಟ ತಡೆಯಲಾರದೆ ದೇವರ ಮುಂದೆ ಒಂದು ತುಪ್ಪದ ದೀಪ ಹಚ್ಚಿದ ದಿನ ಪದ್ಮ ಸೊಂಟದ ಮೇಲೆ ಕೈ ಇಟ್ಟಳು.

“ರೀ, ಬೀಗರು ಸೋಲ್ಲಿ ಅಂತ ದೀಪ ಹಚ್ಚಿದ್ರಾ? ತಾಳಿ ಕಟ್ಟೋಕ್ ಮುಂಚೇನೇ?”

“ಬೀಗರಲ್ಲ ಕಣೇ, ಬೀಗರ ಟೀಮು.”

“ಎರಡಕ್ಕೂ ಏನು ವ್ಯತ್ಯಾಸ ಅಂತ ಅವರನ್ನೇ ಕೇಳಿ ನೋಡಿ.”

ಅತ್ತೆಯವರು ತಲೆಯೆತ್ತದೆ, “ಯಾರದೋ ಮಕ್ಕಳು ಬೀಳಲಿ ಅಂತ ಬೇಡಬಾರದಪ್ಪ. ಬೇರೆಯವರು ಇನ್ನೂ ಚೆನ್ನಾಗಿ ಆಡಲಿ ಅಂತ ಬೇಡಿಕೋ, ಅದಕ್ಕೆ ದೋಷವಿಲ್ಲ” ಎಂದರು. ಬತ್ತಿ ಹೊಸೆಯುತ್ತಲೇ ಅವರು ನನ್ನ ಪಾಪವನ್ನು ಪುಣ್ಯದ ಖಾತೆಗೆ ವರ್ಗಾಯಿಸಿಕೊಟ್ಟಿದ್ದರು. ಹಾಗೆಯೇ ಬೇಡಿಕೊಂಡೆ.

ನವೆಂಬರ್ ಕೊನೆಗೆ, ಥ್ಯಾಂಕ್ಸ್‌ಗಿವಿಂಗ್ ಹಬ್ಬ ಆದ ಶನಿವಾರ, ಸೀಸನ್ನಿನ ಕೊನೆಯ ದಿನ, ಮೂರು ತಂಡಗಳು ಎರಡನೆಯ ಸ್ಥಾನದಲ್ಲಿ ಸಮಸಮ ನಿಂತವು. ಬೀಗರದೂ ಅದರಲ್ಲೊಂದು. ಈ ಸಮವನ್ನು ಮುರಿಯಲು ಒಂದು ನಿಯಮಾವಳಿಯಿದೆ. ನೀವು ಎಷ್ಟು ಗೆದ್ದಿರಿ ಎಂಬುದು ಅಲ್ಲಿ ಸಾಲದು. ನಿಮ್ಮೊಡನೆ ಆಡಿದವರು ಇನ್ಯಾರನ್ನು ಗೆದ್ದರು ಎಂಬುದನ್ನು ನೋಡುತ್ತಾರೆ. ಹುಡುಗ ಚೆನ್ನಾಗಿದ್ದಾನೆ ಸರಿ, ಹುಡುಗನ ಸೋದರಮಾವನ ಷಡ್ಡಕ ಏನು ಮಾಡಿಕೊಂಡಿದ್ದಾನೆ ಎಂದು ವಿಚಾರಿಸುವ ಹಾಗೆ. ಇದು ನನಗೆ ಕೂಡಲೇ ಅರ್ಥವಾಯಿತು. ಇಡೀ ಆಟದಲ್ಲಿ ಬಂಧುಬಳಗದ ವಾಸನೆ ಬಂದದ್ದು ಇಲ್ಲೊಂದೇ ಕಡೆ. ಅದರಂತೆ ಎಲ್ಲವೂ ಪಶ್ಚಿಮ ಕರಾವಳಿಯ ಒಂದು ಆಟದ ಮೇಲೆ ನಿಂತಿತು. ಬೀಗರ ಟೀಮು ಹಿಂದೆ ಸೋಲಿಸಿದ್ದ ಒಂದು ತಂಡ ಅಲ್ಲಿ ಆಡುತ್ತಿತ್ತು. ಅದು ಸೋತರೆ ಬೀಗರ ಲೆಕ್ಕ ಕುಸಿಯುತ್ತದೆ, ನನ್ನ ಮುಹೂರ್ತ ಉಳಿಯುತ್ತದೆ. ಎರಡು ಸಾವಿರ ಮೈಲಿ ಆಚೆ, ನಾನು ಕಂಡರಿಯದ ಊರಿನಲ್ಲಿ, ಅದರ ಎದುರಾಳಿ ತಂಡದ, ಹೆಸರೂ ಗೊತ್ತಿಲ್ಲದ ಒಬ್ಬ ಹುಡುಗ ಚೆಂಡನ್ನು ಒದೆಯಲು ಓಡಿ ಬಂದ. ನಾನು ಸೋಫಾದಿಂದೆದ್ದು ಕೈಮುಗಿದು ನಿಂತೆ. ಅತ್ತೆಯವರು ಯಾವುದೋ ಮಂಗಳಾರತಿ ಇರಬೇಕೆಂದು ತಾವೂ ಎದ್ದು ನಿಂತರು. ಚೆಂಡು ಎರಡು ಕಂಬಗಳ ನಡುವೆ ಹೋಯಿತು. ಬೀಗರ ಸೋದರಮಾವನ ಷಡ್ಡಕ ಸೋತ.

ಸ್ವಲ್ಪ ಹೊತ್ತಿಗೆ ಬೀಗರ ಫೋನ್. ದನಿ ತೊಯ್ದಿತ್ತು. “ಆತ್ರೀ ಬೀಗ್ರ. ಒಂದ ಕೂದಲೆಳಿ. ಬರ್ತೇವ್ರೀ ಶನಿವಾರ.” ನಾನು ಆದಷ್ಟು ದುಃಖದ ದನಿಯಲ್ಲಿ, “ಛೇ, ಹೀಗಾಗಬಾರದಿತ್ತು” ಎಂದೆ. ಪದ್ಮ ಅಡುಗೆಮನೆಯಿಂದ ನನ್ನನ್ನು ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ.

ನಿಶ್ಚಿತಾರ್ಥ ನಡೆಯಿತು. ಉಪ್ಪುಧೂಳಿ ಲಗ್ನದಲ್ಲಿ ತಾಂಬೂಲ ಬದಲಾಯಿತು. ಅತ್ತೆಯವರು ಮೊಮ್ಮಗಳ ಕೈಗೆ ತಾಂಬೂಲ ಕೊಟ್ಟು, ಮಂಡಿನೋವು ಮರೆತು ಎರಡು ಹಾಡು ಹೇಳಿದರು. ಬೀಗರು ಹೋಳಿಗೆ ಉಂಡರೂ ತಿಥಿಯೂಟಕ್ಕೆ ಕೂತವರಂತಿದ್ದರು. ಗೆದ್ದವನು ನಾನು, ಆದರೂ ಅವರ ಎಲೆಗೆ ಇನ್ನೊಂದು ಹೋಳಿಗೆಯನ್ನು ನಾನೇ ಬಡಿಸಿದೆ.

ಮರುದಿನ ಮಧ್ಯಾಹ್ನ ಅವರು ಶಿಕಾಗೋ ಕಡೆ ಹೊರಟು, ದಾರಿಯ ಯಾವುದೋ ಎಕ್ಸಿಟ್‌ನಲ್ಲಿ ಕಾರು ನಿಲ್ಲಿಸಿ ಫೋನ್ ಮಾಡಿದರು. ಪದ್ಮ ಎತ್ತಿಕೊಂಡಳು. ಅರ್ಧ ನಿಮಿಷ ಕೇಳಿ, ಕೈಯಿಂದ ಫೋನ್ ಮುಚ್ಚಿ ನನ್ನ ಕಡೆ ತಿರುಗಿದಳು. “ಬೀಗರಿಗೆ ಬೈ ಸಿಕ್ತಂತೆ. ಯಾರ್ರೀ ಬೈದೋರು? ನಮ್ಮ ಕಡೆಯವರು ಯಾರಾದ್ರೂ ಊಟದ ಹೊತ್ತಲ್ಲಿ ಏನಾದ್ರೂ ಅಂದ್ರಾ?”

“ಯಾರೂ ಬೈದಿಲ್ಲ ಕಣೇ. ಬೈ ಸಿಗೋದು ಒಳ್ಳೇದು.”

“ಬೈಸ್ಕೊಂಡು ಇಷ್ಟು ಖುಷಿ ಪಡೋರನ್ನ ನಾನು ನೋಡೇ ಇಲ್ಲ. ಅನಘಾಗೆ ಕಷ್ಟ ಇಲ್ಲ ಬಿಡಿ.”

ಫೋನ್ ಕಸಿದುಕೊಂಡೆ. ನಡೆದದ್ದು ಇಷ್ಟು: ದೇಶದ ಪಟ್ಟಕ್ಕೆ ಆಡುವ ಹನ್ನೆರಡು ತಂಡಗಳನ್ನು ಸಮಿತಿಯವರು ಆರಿಸಿ ಬೀಗರ ಟೀಮನ್ನು ಮೇಲಿನ ನಾಲ್ಕರಲ್ಲಿ ಇಟ್ಟಿದ್ದರು. ಮೇಲಿನ ನಾಲ್ವರು ಮೊದಲ ಸುತ್ತು ಆಡುವ ಹಾಗಿಲ್ಲ. ಕೂತಲ್ಲೇ ಎರಡನೆಯ ಸುತ್ತಿಗೆ ಭಡ್ತಿ. ಅದಕ್ಕೇ ಬೈ ಎನ್ನುವುದು. “ಆ ಫೈನಲ್ಲಿಗೆ ಹೋಗಿ ಸೋತಿದ್ರ ಕೆಳಗ ಬೀಳ್ತಿದ್ವಿ ಬೀಗ್ರ! ಆಡಲಾರದ್ದಕ್ಕ ಮ್ಯಾಲ ಉಳಿದ್ವಿ. ಎಲ್ಲಾ ನಿಮ್ಮ ಮುಹೂರ್ತದ ಪುಣ್ಯಾರೀ! ಮದುವೀ ಮುಹೂರ್ತಾನೂ ನೀವ ತಗೀಬೇಕು” ಎಂದು ಬೀಗರು ಕೂಗಿದರು. ಸೋತರೆ ಮೇಲೇರುವ, ಆಡದಿದ್ದರೆ ಗೆಲ್ಲುವ ಆಟ ಇದೊಂದೇ ಇರಬೇಕು. ಅಂದಿನಿಂದ ನಾನು ಬೀಗರ ಟೀಮಿನ ಪರವಾಗಿ ಕೂರುವುದು ಅನಿವಾರ್ಯವಾಯಿತು. ಎರಡನೆಯ ಸುತ್ತಿನಲ್ಲಿ ಅದು ಸೋತಾಗ ನನಗಾದ ಸಂಕಟವನ್ನು ಪದ್ಮ ಗ್ಯಾಸ್ ಎಂದು ಭಾವಿಸಿ ಓಮದ ನೀರು ಕೊಟ್ಟಳು.

ಸಂಕ್ರಾಂತಿ ಕಳೆದ ಮೇಲೆ ಮದುವೆಯ ದಿನಕ್ಕಾಗಿ ಎಲ್ಲರೂ ಒಂದೇ ಫೋನಿನಲ್ಲಿ ಸೇರಿದೆವು. ಈ ಕಡೆ ನಾವು ಮೂವರು, ಆ ಕಡೆ ಬೀಗರು, ನಡುವೆ ಶಾಸ್ತ್ರಿಗಳು. ಮುಂದಿನ ಡಿಸೆಂಬರ್ ಮೊದಲ ವಾರ ಪ್ರಶಸ್ತವಾಗಿದೆ ಎಂದು ಶಾಸ್ತ್ರಿಗಳು ಆರಂಭಿಸಿದರು.

“ಸ್ವಲ್ಪ ತಡೀರಿ ಶಾಸ್ತ್ರಿಗಳೇ,” ಎಂದೆ. “ಮುಂದೆ ಹನ್ನೆರಡೋ, ಹದಿನಾರೋ, ಇಪ್ಪತ್ತನಾಲ್ಕೋ ಇನ್ನೂ ತೀರ್ಮಾನ ಆಗಿಲ್ಲ.”

“ಇಪ್ಪತ್ತನಾಲ್ಕೇ ಜನಾನಾ?” ಎಂದರು ಶಾಸ್ತ್ರಿಗಳು. “ಅಷ್ಟಕ್ಕೆ ಹಾಲ್ ಯಾಕೆ ಸ್ವಾಮೀ, ದೇವಸ್ಥಾನದಲ್ಲೇ ಮುಗಿಸಬಹುದಲ್ಲ.”

ಅನಘಾ ತಲೆಯ ಮೇಲೆ ಕೈಹೊತ್ತು, “ಗೈಸ್, ವಾಟ್ಸ್ ರಾಂಗ್ ವಿತ್ ಜೂನ್?” ಎಂದಳು.

ಯಾರಿಗೂ ಹೊಳೆದಿರಲಿಲ್ಲ. ಜೂನ್! ಹಿಮವಿಲ್ಲ, ಫುಟ್‌ಬಾಲಿಲ್ಲ. ಶಾಸ್ತ್ರಿಗಳು ಹಾಳೆ ಮಗುಚಿ, “ಜ್ಯೇಷ್ಠಮಾಸ. ಹಿರಿಮಗನಿಗಷ್ಟೇ ಆಗದು. ಹುಡುಗ ಎರಡನೆಯವನಲ್ವಾ, ಬಾಧಕವಿಲ್ಲ” ಎಂದರು. ಪದ್ಮಳ ಮುಖ ಅರಳಿತು. ಬೀಗರು, “ಛಲೋ ಆತು ನೋಡ್ರೀ” ಎಂದರು.

“ಜೂನ್ ಆಗಲ್ಲ,” ಎಂದಿತು ಒಂದು ದನಿ. “ಜೂನ್‌ನಲ್ಲಿ ಕಾಲೇಜು ಬೇಸ್‌ಬಾಲ್ ಪೋಸ್ಟ್‌ಸೀಸನ್, ಅಂದ್ರೆ ಪಟ್ಟದ ಆಟಗಳು. ಅರವತ್ತನಾಲ್ಕು ಟೀಮು. ಕೊನೆಯ ಎಂಟು ಟೀಮು ಒಂದೇ ಊರಲ್ಲಿ ವಾರಗಟ್ಟಲೆ ಆಡ್ತವೆ.”

ಆ ಕಡೆ ಬೀಗರು, “ಬೇಸ್‌ಬಾಲ್ ನಾವು ಯಾರೂ ನೋಡೂದಿಲ್ಲಲ್ರೀ ಬೀಗ್ರ” ಎಂದರು.

“ಮತ್ತೆ ನೋಡೋರು ಯಾರು?” ಎಂದು ಪದ್ಮ ಕೇಳಿದಳು. ಕೇಳುವಾಗ ಅವಳು ನೋಡುತ್ತಿದ್ದದ್ದು ಫೋನಿನ ಕಡೆಯಲ್ಲ, ನನ್ನ ಕಡೆ.