ತಿಳಿ ಬೀರಿನ ವ್ರತ

ನಿಯಮವನ್ನು ಅರ್ಧ ಓದಿ ಎದ್ದು ಹೋಗುವವರು ಇರುವವರೆಗೆ ನನ್ನಂಥವನಿಗೆ ಕಥೆಗಳ ಬರವಿಲ್ಲ. ಎರಡು ಸಾವಿರದ ದಶಕದಲ್ಲಿ, ಬೀರನ್ನು ಮನೆಯಲ್ಲೇ ಮಾಡುವ ಹುಚ್ಚು ಸಿಡ್ನಿಯ ನಮ್ಮವರಿಗೆ ಹತ್ತಿದಾಗ, ವಾರಕ್ಕೊಂದು ಕಥೆ ಸಿಗುತ್ತಿತ್ತು. ನಾನೂ ಮಾಡುತ್ತಿದ್ದೆ. ಆದರೆ ಪುಸ್ತಕ ಓದಿ, ಥರ್ಮಾಮೀಟರ್ ಇಟ್ಟು.

೧. ಸೂಪು

ಸಿಡ್ನಿಯ ಗಿರಾವೀನ್ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯವನು ಮೈಸೂರಿನ ಕಡೆಯ ಐಟಿ ಮನುಷ್ಯ. ತನ್ನ ಮೊದಲ ಬೀರನ್ನು ಹಿತ್ತಿಲಿನ ಬಾರ್ಬೆಕ್ಯೂಗೆ ಬಂದ ಬಾಸ್‌ಗೆ ಕೊಟ್ಟ. ಬೀರು ಗಂಜಿಯಷ್ಟು ಮಬ್ಬು. ಬಾಸ್ ಗ್ಲಾಸನ್ನು ಬಿಸಿಲಿಗೆ ಹಿಡಿದು, "ಸೂಪಿಗೆ ಸ್ಪೂನ್ ಕೊಡಲ್ವಾ?" ಎಂದ.

ಬಾಸ್ ಹೋದ ಮೇಲೆ ಇವನು ನನ್ನೆದುರು ಶಪಥ ಮಾಡಿದ. "ಕ್ರಿಸ್ಮಸ್‌ಗೆ ಅವನನ್ನೇ ಮತ್ತೆ ಕರೀತೀನಿ ಸಾರ್. ಗ್ಲಾಸಿನಾಚೆ ಪೇಪರ್ ಓದೋ ಹಂಗಿರಬೇಕು. ಇಲ್ಲಾಂದ್ರೆ ಆಫೀಸಲ್ಲಿ ನನ್ನ ಹೆಸರೇ ಸೂಪ್ ಅಂತಾಗುತ್ತೆ."

ಸೋಮವಾರ ಮಧ್ಯಾಹ್ನದ ಹೊತ್ತಿಗೆ ಆಗಿಯೇ ಬಿಟ್ಟಿತ್ತು.

೨. ಪಂಚೆ

ಎರಡನೇ ಸಲ ಬಿಳಿ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಬೀರು ಸೋಸಿದ. ಹುದುಗಿದ ಬೀರಿಗೆ ಗಾಳಿ ತಾಗಬಾರದು ಎಂದು ನಾನು ಮೂರು ಸಲ ಹೇಳಿದ್ದೆ. ರುಚಿ ನೋಡಿದರೆ ನೆನೆದ ರಟ್ಟು.

"ಪಂಚೆ ಒಗೆದದ್ದೇ ಸಾರ್," ಎಂದ. ಅದೇ ತೊಂದರೆ. ನೊರೆ ಬೀರಿನದಲ್ಲ, ಸೋಪಿನದು.

೩. ಫ್ರಿಜ್ಜು

"ಬೀರಿನ ಡ್ರಮ್ಮನ್ನು ಫ್ರಿಜ್ಜಿನಲ್ಲಿಡು. ಒಂದು ವಾರ ಮುಟ್ಟಬೇಡ. ಗಸಿ ತಾನೇ ತಳಕ್ಕೆ ಕೂರುತ್ತದೆ," ಎಂದೆ. ಫ್ರಿಜ್ಜಿನಲ್ಲಿಟ್ಟ. ಆಮೇಲೆ ಬೆಳಿಗ್ಗೆ ಸಂಜೆ ಹೊರಗೆತ್ತಿ, ಓರೆ ಮಾಡಿ, ಟಾರ್ಚ್ ಬಿಟ್ಟು, ತಿಳಿಯಾಯಿತೇ ಎಂದು ನೋಡಿದ. ಕೂತ ಗಸಿ ದಿನಕ್ಕೆರಡು ಸಲ ಎದ್ದಿತು.

ಅವನ ಹೆಂಡತಿ ನನ್ನ ಹತ್ತಿರ ದೂರು ತಂದರು: "ಮಗು ಹುಟ್ಟಿದಾಗಲೂ ಇವರು ಇಷ್ಟು ಸಲ ಎತ್ಕೊಂಡಿರಲಿಲ್ಲ ಅಂಕಲ್!"

೪. ಪುಡಿ

ನಾನು ಆಫೀಸ್ ಕೆಲಸಕ್ಕೆ ಮೆಲ್ಬರ್ನ್‌ಗೆ ಹೋದಾಗ, ಅಲ್ಲಿನ ಬಾಕ್ಸ್ ಹಿಲ್‌ನಲ್ಲಿರುವ ನನ್ನ ಹಳೆಯ ಪರಿಚಯದ ಮಂಗಳೂರಿನವರೊಬ್ಬರು ಈ ಕಥೆ ಕೇಳಿ ಒಂದು ಪೊಟ್ಟಣ ಕೊಟ್ಟರು. "ಇದನ್ನು ಹಾಕ್ಲಿಕ್ಕೆ ಹೇಳಿ. ಗಸಿಯನ್ನೆಲ್ಲ ಹಿಡ್ಕೊಂಡು ಅಡಿಗೆ ಹೋಗ್ತದೆ."

"ಏನಿದು?"

"ಮೀನಿನ ಹೊಟ್ಟೆಯೊಳಗಿನ ಗಾಳಿಚೀಲದ ಪುಡಿ ಮಾರಾಯ್ರೇ."

ಪಕ್ಕದ ಮನೆಯವನು ಮೊಟ್ಟೆ ಇದೆಯೇ ಎಂದು ಬಿಸ್ಕೆಟ್ ಪ್ಯಾಕೆಟ್ಟಿನ ಹಿಂಬದಿ ಓದುವ ಪಕ್ಕಾ ಸಸ್ಯಾಹಾರಿ. ನಾನು ಮುಚ್ಚಿಡದೆ ಹೇಳಿದೆ. ಐದು ನಿಮಿಷ ಕಣ್ಣು ಮುಚ್ಚಿ ಕೂತು, ಆಮೇಲೆ ತೀರ್ಪು ಕೊಟ್ಟ: "ಮೀನು ತಳಕ್ಕೆ ಹೋಗುತ್ತೆ. ನಾನು ಕುಡಿಯೋದು ಮೇಲಿಂದು. ಮೇಲಿಂದು ಪ್ಯೂರ್ ವೆಜ್."

೫. ಕ್ರಿಸ್ಮಸ್

ಬೀರು ಹರಳಿನಂತೆ ಬಂತು. ಇವನು ಗ್ಲಾಸಿನ ಹಿಂದೆ ಪೇಪರ್ ಹಿಡಿದು ಬಾಸ್ ಕೈಲಿ ಕ್ರಿಕೆಟ್ ಸ್ಕೋರ್ ಓದಿಸಿದ. ಬಾಸ್ ಬೆರಗಾಗಿ ಗ್ಲಾಸನ್ನು ತುಟಿಯವರೆಗೆ ತಂದವನು ತಡೆದು ನಿಂತ.

"ಇಷ್ಟು ತಿಳಿ ಹೇಗೆ? ಮೀನಿನ ಪುಡಿ ಹಾಕಿಲ್ಲ ತಾನೇ? ನಾನು ವೆಜಿಟೇರಿಯನ್. ಅಂಗಡಿ ಬೀರನ್ನೂ ಕೇಳಿಯೇ ಕುಡಿಯೋದು. ನಿನ್ನ ಮನೆಗೆ ಬರೋದೇ ಇಲ್ಲಿ ಎಲ್ಲ ವೆಜ್ ಅಂತ."

ಇವನು ಪೇಪರ್ ಮಡಿಸತೊಡಗಿದ. ಬಾಸ್ ನನ್ನ ಕಡೆ ತಿರುಗಿದ. ನಾನು ಸುಳ್ಳು ಹೇಳುವವನಲ್ಲ. ಹೇಳಿದೆ. ಬಾಸ್ ಮರ್ಯಾದೆಯಿಂದ ಗ್ಲಾಸ್ ಕೆಳಗಿಟ್ಟು, "ಹೋದ ಸಲದ ಸೂಪ್ ಉಳಿದಿದೆಯಾ?" ಎಂದು ಕೇಳಿದ.

ಅವನು ಹೋದ ಮೇಲೆ ಮೈಸೂರಿನ ನಮ್ಮ ಶುದ್ಧ ಸಸ್ಯಾಹಾರಿ ಆ ಗ್ಲಾಸನ್ನು ತಾನೇ ಖಾಲಿ ಮಾಡಿ, ತುಟಿ ಒರೆಸಿಕೊಂಡು ತಲೆಯಾಡಿಸಿದ.

"ಈ ಕಾಲದಲ್ಲೂ ಎಂಥ ಮಡಿವಂತ ಜನ ಇದ್ದಾರೆ ಸಾರ್!"