ಗುರಣ್ಣನ ಗ್ರೀಕ್ ಬೇನೆ

ಸುರಪುರದ ತಹಸೀಲ ಕಚೇರಿಯಲ್ಲಿ ನಕಲು ಬರೆಯುವ ಗುಮಾಸ್ತ ಗುರಣ್ಣನಿಗೆ ಮರುದಿನ ದೇವಾಪುರದಲ್ಲಿ ನಿಶ್ಚಯ. ಹುಡುಗಿ ಮಲ್ಲಿಕಮ್ಮನನ್ನು ಅವನು ಒಮ್ಮೆ ನೋಡಿದ್ದಷ್ಟೇ. ಅಂದಿನಿಂದ ಅವನ ನಕಲುಗಳಲ್ಲಿ ಸಾಲುಗಳೇ ಬಿಟ್ಟುಹೋಗುತ್ತಿದ್ದವು. ಆದರೆ ಗುಲಬರ್ಗಾದಿಂದ ದೊಡ್ಡ ಸಾಹೇಬರ ತಪಾಸಣೆಯ ದೌರಾ ಇತ್ತು. ಕಾಯಿಲೆ ಬಿದ್ದವರಿಗೆ ಮಾತ್ರ ರಜೆ, ಅದೂ ಡಾಕ್ಟರ ಚೀಟಿ ತಂದರೆ, ಎಂದು ತಹಸೀಲ್ದಾರರು ಹುಕುಂ ಹೊರಡಿಸಿದ್ದರು.

ಗುರಣ್ಣ ಬೆಳಿಗ್ಗೆಯೇ ದವಾಖಾನೆಗೆ ಹೋಗಿ ಇಲ್ಲದ ತಲೆನೋವು ಹೇಳಿಕೊಂಡ. ಡಾಕ್ಟರು ನಾಡಿ ಹಿಡಿದು ನಕ್ಕರು. ಕಚೇರಿಯ ಕಾರಭಾರವೆಲ್ಲ ನಡೆಯುತ್ತಿದ್ದ ಉರ್ದು ಅಕ್ಷರದಲ್ಲಿ ಒಂದೇ ಪದ ಬರೆದುಕೊಟ್ಟರು: ಸೆಫಲಾಲ್ಜಿಯಾ.

“ತಲಿನೋವು ಅಂತ ಬರದ್ರ ನಿಮ್ಮ ಸಾಹೇಬ ರಜಾ ಕೊಡಂಗಿಲ್ಲ. ಇದು ಗ್ರೀಕ್. ಸೆಫಲಾ ಅಂದ್ರ ತಲಿ, ಆಲ್ಜಿಯಾ ಅಂದ್ರ ನೋವು. ಮುಂದ ಯಾವ ಅಂಗ ಹಚ್ಚಿದ್ರೂ ಬಾಲ ಇದೇ. ಖರೇ ಬ್ಯಾನಿ ಇದ್ದವರಿಗಿ ನಾ ಸೀದಾ ಉರ್ದುದಾಗ ಬರೀತೀನಿ. ನೆವ ಬೇಕಾದವರಿಗಿ ಅಷ್ಟೇ ಈ ಬಾಲ. ಯಾರ ಮುಂದೂ ಬಾಯಿ ಬಿಡಬ್ಯಾಡ.”

ಚೀಟಿ ಕಚೇರಿಯಲ್ಲಿ ಕೈಯಿಂದ ಕೈಗೆ ಹೋಯಿತು. ಓದಿದವರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು. ತಹಸೀಲ್ದಾರರು ಮೂಗಿಗೆ ಕರವಸ್ತ್ರ ಹಿಡಿದು ಎಂಟು ದಿನ ರಜೆ ಮಂಜೂರು ಮಾಡಿದರು. ಗುರಣ್ಣ ಆಗಲೇ ಅಲ್ಲಿಂದ ಕಾಲು ಕಿತ್ತಿದ್ದರೆ ಬಚಾವಾಗುತ್ತಿದ್ದ. ಆದರೆ ಪೇಶ್ಕಾರ ಚನ್ನಯ್ಯನಿಗೆ ಇನ್ನೊಬ್ಬರ ಉಸಾಬರಿ ಎಂದರೆ ಊಟಕ್ಕಿಂತ ಹೆಚ್ಚು.

“ಇದು ಯಾವ ಭಾಷಿಯೋ?” ಎಂದು ಕೇಳಿದ.

“ಗ್ರೀಕ್ ಅಂತ್ರಿ.” ಗುರಣ್ಣನ ಬಾಯಿ ಜಾರಿತು.

“ಅಂದ್ರ ಉರ್ದುದಾಗ ಯುನಾನಿ ಆತಲ್ಲ. ಯುನಾನಿ ಹಕೀಮರು ನಮ್ಮ ಓಣ್ಯಾಗೇ ಇರೂ ಹೊತ್ತಿನಾಗ ನಿನಗ್ಯಾತರ ಚಿಂತಿ? ನಡಿ.”

ಹಕೀಮರು ನಲವತ್ತು ವರ್ಷ ಯುನಾನಿ ಔಷಧ ಅರೆದವರು. ಯುನಾನಿ ಭಾಷೆಯ ಒಂದಕ್ಷರವನ್ನೂ ಕಂಡವರಲ್ಲ. ಹಾಗೆಂದು ಓಣಿಯವರ ಮುಂದೆ ಹೇಳಲಾದೀತೇ? ಚೀಟಿಯನ್ನು ದೂರ ಹಿಡಿದು, ಹತ್ತಿರ ಹಿಡಿದು, ನಿಟ್ಟುಸಿರು ಬಿಟ್ಟರು.

“ಭಾಳ ಜುನಾ ರೋಗ. ಹಳೀ ಕಿತಾಬಿನ್ಯಾಗ ಅದ. ತಲಿ ಬೋಳಿಸಿ ಮುಲಾಮು ಹಚ್ಚಬೇಕು. ಗಂಜಿ ಬಿಟ್ಟು ಏನೂ ಕೊಡಬ್ಯಾಡ್ರಿ. ಎಂಟು ದಿನ ಹೊಸ್ತಿಲ ದಾಟಬಾರದು.”

ಗುರಣ್ಣ ಬೇಡ ಬೇಡವೆಂದು ಕೊಸರಾಡಿದಷ್ಟೂ ಚನ್ನಯ್ಯ, “ನೋಡ್ರಿ, ಬ್ಯಾನಿ ತಲಿಗಿ ಏರ್ಯದ” ಎಂದು ಬಿಗಿಯಾಗಿ ಹಿಡಿದುಕೊಂಡ. ಮಧ್ಯಾಹ್ನದ ಹೊತ್ತಿಗೆ, ನಿಶ್ಚಯಕ್ಕೆಂದು ಎಣ್ಣೆ ಹಚ್ಚಿ ಬಾಚಿದ್ದ ಕ್ರಾಪು ಅವನ ಮನೆಯ ಅಂಗಳದಲ್ಲಿ ಬಿದ್ದಿತ್ತು. ತಲೆಯ ಮೇಲೆ ಹಸಿರು ಮುಲಾಮು, ಬಾಗಿಲಲ್ಲಿ ಕಾವಲಿಗೆ ಚನ್ನಯ್ಯ.

ಸಂಜೆ ಹುಡುಗಿಯ ತಂದೆ ಭಗವಂತರಾಯರು ದೇವಾಪುರದಿಂದ ಬಂದರು. ಬೋಳುತಲೆ ಕಂಡು, ಮನೆಯಲ್ಲಿ ಯಾರೋ ತೀರಿಕೊಂಡರೆಂದೇ ಗಾಬರಿಯಾದರು. ಚನ್ನಯ್ಯ ರೋಗದ ಹೆಸರು ಹೇಳಿದ ಮೇಲೆ ಕುಸಿದು ಕೂತರು.

“ಹ್ಯಾಂಗ ಹೇಳ್ಲಿ ಅಂತ ಬಂದೆ, ಇಲ್ಲೂ ಹಿಂಗಾಗ್ಯದಲ್ಲ. ನಾಳಿ ನಿಶ್ಚಯ ಆಗಂಗಿಲ್ರಿ. ಮಗಳಿಗಿ ಜಡ್ಡು ಬಂದದ. ಇವತ್ತ ಅವ್ವ-ಮಗಳು ಇಲ್ಲೀ ದವಾಖಾನಿಗೇ ಬಂದು ಡಾಕ್ಟರ ಕಡಿಂದ ಚೀಟಿ ತಂದಾರ. ಆರು ತಿಂಗಳು ಮದಿವಿ ಮಾತೇ ಎತ್ತಬಾರದಂತ.”

ಗುರಣ್ಣ ಚೀಟಿ ಬಿಡಿಸಿದ. ಉರ್ದು ಅಕ್ಷರದಲ್ಲಿ ಒಂದೇ ಪದ: ಗ್ಯಾಸ್ಟ್ರಾಲ್ಜಿಯಾ. ಮುಂದಿನ ಅಂಗ ಯಾವುದೋ ಅವನಿಗೆ ತಿಳಿಯಲಿಲ್ಲ. ಬಾಲ ತಿಳಿಯಿತು.

“ಎರಡಕ್ಕೂ ಬಾಲ ಒಂದೇ ಅದ. ಜೋಡಿ ಅಂದ್ರ ಇದಪ,” ಎಂದು ಚನ್ನಯ್ಯ ಹಿಂದಿನಿಂದ ಇಣುಕಿ ಮೆಚ್ಚಿಕೊಂಡ.

ಭಗವಂತರಾಯರು ಗುರಣ್ಣನ ಕೈ ಹಿಡಿದುಕೊಂಡರು. “ನೀವು ಓದಿದವರು, ಖರೇ ಹೇಳ್ರಿ. ಅಕಿ ಜೀವಕ್ಕೇನೂ ಧೋಕಾ ಇಲ್ಲಲ್ಲ?”

ಇದ್ದದ್ದು ಹೇಳಿದರೆ ಅವಳ ನೆವದ ಜೊತೆ ತನ್ನದೂ ಬಯಲಾಗಿ ನೌಕರಿಗೇ ಸಂಚಕಾರ. ಗುರಣ್ಣ ಚೀಟಿಯನ್ನು ಮಡಚಿ ವಾಪಸು ಕೊಟ್ಟ.

“ಜೀವಕ್ಕ ಧೋಕಾ ಇಲ್ರಿ,” ಎಂದ. “ಬ್ಯಾರೆ ವರ ನೋಡ್ರಿ. ತನ್ನಿಂದ ತಾನೇ ವಾಸಿ ಆಗ್ತದ.”