ನಾಲ್ಕು ಲಕ್ಷದ ಸೈಕಲ್ಲಿನ ತಪಾಸಣೆ

ಕಂಡ ವಸ್ತುವಿನಲ್ಲೆಲ್ಲ ತಪ್ಪು ಹುಡುಕುವುದು ಕೆಲವರಿಗೆ ಸ್ವಭಾವ, ಇನ್ನು ಕೆಲವರಿಗೆ ಹೊತ್ತು ಕಳೆಯುವ ದಾರಿ. ನನಗೆ ಮಾತ್ರ ಅದು ಅನ್ನ ಕೊಡುವ ಕೆಲಸ. ಪೀಣ್ಯದಲ್ಲಿ, ಪಂಪುಗಳಿಗೆ ಬೇಕಾದ ಬುಷ್ಷು, ಶಾಫ್ಟುಗಳನ್ನು ತಯಾರಿಸುವ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಇಪ್ಪತ್ತೆರಡು ವರ್ಷಗಳಿಂದ ಕ್ವಾಲಿಟಿ ಇನ್‌ಸ್ಪೆಕ್ಟರ್. ಕೂದಲೆಳೆಯಷ್ಟು ಅಳತೆ ತಪ್ಪಿದರೂ ಆ ತುಂಡಿಗೆ ಕೆಂಪು ಬಣ್ಣ ಬಳಿದು ಪಕ್ಕಕ್ಕಿಡುವುದು ನನ್ನ ಕರ್ತವ್ಯ. ಈ ಚಟ ಸಂಜೆ ಆರು ಗಂಟೆಗೆ ಗೇಟಿನಲ್ಲಿ ನಿಲ್ಲದೆ ನನ್ನ ಜೊತೆ ಟಿ. ದಾಸರಹಳ್ಳಿಯ ಬಾಡಿಗೆ ಮನೆಯವರೆಗೂ ಬಂದುಬಿಡುತ್ತದೆ. ದೋಸೆಯ ಒಂದು ಅಂಚು ದಪ್ಪ, ಇನ್ನೊಂದು ಅಂಚು ತೆಳು ಎಂದು ಒಮ್ಮೆ ಬಾಯಿಬಿಟ್ಟು ಹೇಳಿದ್ದಕ್ಕೆ ನನ್ನ ಹೆಂಡತಿ ಸುಧಾ ಒಂದು ವಾರ ಉಪ್ಪಿಟ್ಟು ಮಾಡಿದಳು. ಉಪ್ಪಿಟ್ಟಿಗೆ ಅಂಚಿಲ್ಲವಲ್ಲ, ನಾನೂ ಸುಮ್ಮನೆ ತಿಂದೆ.

ನೆಂಟರಲ್ಲಿ ಮಾತ್ರ ನನಗೆ ಬಹಳ ಮರ್ಯಾದೆ. ಯಾರು ಏನು ಕೊಳ್ಳುವುದಿದ್ದರೂ ಮೊದಲು ನನ್ನನ್ನು ಕರೆದುಕೊಂಡು ಹೋಗುತ್ತಾರೆ. ಅತ್ತಿಗೆಯ ಫ್ರಿಜ್ಜಿನ ಬಾಗಿಲು ಸರಿಯಾಗಿ ಕೂರುವುದಿಲ್ಲ ಎಂದು ಮೂರು ಅಂಗಡಿ ತಿರುಗಿಸಿದ್ದೇನೆ. ಚಿಕ್ಕಪ್ಪ ಇಷ್ಟಪಟ್ಟ ಫ್ಲಾಟಿನ ಗೋಡೆ ಓರೆ ಇದೆ ಎಂದು ನೂಲು ಬಿಟ್ಟು ತೋರಿಸಿದ್ದೇನೆ. ಚಿಕ್ಕಪ್ಪ ಇಂದಿಗೂ ಫ್ಲಾಟು ಕೊಂಡಿಲ್ಲ. ಹೀಗಿರುವಾಗ ಈಚೆಗೆ ದಸರಾ ರಜೆಯ ಹೊತ್ತಿಗೆ ವೈಟ್‌ಫೀಲ್ಡಿನಿಂದ ನನ್ನ ಭಾಮೈದ ನಾಗೇಶ ಫೋನು ಮಾಡಿದ. ಅವನು ಅಲ್ಲಿಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಮ್ಯಾನೇಜರು. ಅವನ ಆಫೀಸಿನಲ್ಲಿ ಯಾರೋ ಒಂದು ಮೌಂಟನ್ ಬೈಕ್ ಮಾರುತ್ತಿದ್ದಾರಂತೆ. ಒಂದು ವರ್ಷ ಹಳೆಯದು. ಬೆಲೆ ನಾಲ್ಕು ಲಕ್ಷ. ಮೋಟರ್ ಬೈಕೇ ಇರಬೇಕೆಂದುಕೊಂಡು ಎಷ್ಟು ಸಿಸಿ ಎಂದು ಕೇಳಿದೆ. "ಅಯ್ಯೋ ಭಾವ, ಸೈಕಲ್ಲು," ಎಂದ.

ಅವನ ಹೆಂಡತಿ ಅಶ್ವಿನಿಗೆ ಇದು ಸುತರಾಂ ಇಷ್ಟವಿಲ್ಲ. ಎರಡು ವಾರ ಜಗಳವಾಡಿ ಕೊನೆಗೆ ಇಬ್ಬರೂ ಒಂದು ಒಪ್ಪಂದಕ್ಕೆ ಬಂದಿದ್ದರು: ನಾನು ಸೈಕಲ್ಲನ್ನು ಪರೀಕ್ಷೆ ಮಾಡಬೇಕು, ಅದು ಆ ಬೆಲೆ ಬಾಳುತ್ತದೆ ಎಂದರೆ ಕೊಳ್ಳುವುದು, ಬಾಳುವುದಿಲ್ಲ ಎಂದರೆ ಬಿಡುವುದು. ನಾಗೇಶ ಅದನ್ನು ಕಾರಿನ ಹಿಂದೆ ಕಟ್ಟಿಕೊಂಡು ಬಂದು ನಮ್ಮ ಮನೆಯಲ್ಲಿ ಇಳಿಸಿ, "ಭಾವ, ಓಕೆ ಅಂದ್ಬಿಡಿ ಸಾಕು," ಎಂದು ಜೊತೆಗೆ ಬಂದಿದ್ದ ಅಶ್ವಿನಿಯ ಎದುರಿಗೇ ಹೇಳಿ ಹೋದ. ರಾತ್ರಿ ಅಶ್ವಿನಿಯ ಫೋನು ಬಂತು. "ಅಣ್ಣ, ನಿಮ್ಮನ್ನೇ ನಂಬಿಕೊಂಡಿದೀನಿ. ಬೇಡ ಅಂತ ಹೇಳಿ." ಒಂದು ಸಂಸಾರದ ನೆಮ್ಮದಿ ಒಂದು ಸೈಕಲ್ಲಿನ ಸಮೇತ ನನ್ನ ಮೆಟ್ಟಿಲ ಬುಡದಲ್ಲಿ ನಿಂತಿತ್ತು.

ನಿಂತಿತ್ತು ಎನ್ನುವುದೂ ಪೂರ್ತಿ ಸರಿಯಲ್ಲ, ಗೋಡೆಗೆ ಒರಗಿತ್ತು. ಅದಕ್ಕೆ ಸ್ಟ್ಯಾಂಡೇ ಇರಲಿಲ್ಲ. ನಮ್ಮ ಮನೆಯ ಮಾಲೀಕರು ಮುನಿಯಪ್ಪನವರು, ಇದೇ ಊರಿನ ಹಳೆಯ ರೈತರು, ಈಗ ಹನ್ನೆರಡು ಮನೆಗಳ ಬಾಡಿಗೆ ತೆಗೆದುಕೊಳ್ಳುವವರು, ಬೆಳಿಗ್ಗೆ ಬಂದು ಸೈಕಲ್ಲಿಗೆ ಎರಡು ಸುತ್ತು ಹಾಕಿ ಬೆಲೆ ಕೇಳಿದರು. ಹೇಳಿದೆ. ಅವರು ಮೆಟ್ಟಿಲ ಮೇಲೆ ಕುಳಿತುಕೊಂಡರು.

"ಇಂಜಿನ್ ಎಲ್ಲೈತೆ ಸಾಮಿ?"

"ಇಂಜಿನ್ ಇಲ್ಲ, ತುಳೀಬೇಕು."

"ನಾಕು ಲಕ್ಷ ಕೊಟ್ಟು ತುಳೀಲೂ ಬೇಕಾ? ಸ್ಟ್ಯಾಂಡಿಲ್ಲ, ಬೆಲ್ಲಿಲ್ಲ, ಕ್ಯಾರಿಯರ್ರಿಲ್ಲ, ಮಡ್‌ಗಾರ್ಡಿಲ್ಲ." ಒಂದೊಂದಕ್ಕೂ ಒಂದೊಂದು ಬೆರಳು ಮಡಿಸಿ ಮುಗಿಸಿ, "ನಮ್ಮಪ್ಪ ಇದೇ ಊರಲ್ಲಿ ಒಂದೆಕರೆನ ಇದ್ಕಿಂತ ಕಮ್ಮೀಗೆ ಮಾರ್ಬಿಟ್ಟ ನೋಡಿ. ಅದ್ರಲ್ಲಿ ರಾಗಿನಾದ್ರೂ ಬೆಳೀತಿತ್ತು," ಎಂದರು.

ಮುನಿಯಪ್ಪನವರು ಗಮನಿಸದೆ ಹೋದದ್ದು ಇನ್ನೊಂದಿತ್ತು. ಅದಕ್ಕೆ ಪೆಡಲ್ಲೂ ಇರಲಿಲ್ಲ. ದಾರಿಯಲ್ಲಿ ಬಿದ್ದುಹೋಗಿರಬೇಕೆಂದು ನಾಗೇಶನಿಗೆ ಫೋನು ಮಾಡಿದರೆ, "ಈ ರೇಂಜಿನ ಸೈಕಲ್ಲಿಗೆ ಪೆಡಲ್ ಕೊಡಲ್ಲ ಭಾವ. ಅವರವರಿಗೆ ಬೇಕಾದ್ದು ಹಾಕ್ಕೋತಾರೆ. ಮಾರೋನು ತನ್ನದನ್ನ ಬಿಚ್ಚಿಟ್ಕೊಂಡಿದಾನೆ," ಎಂದ. ಕಡಿಮೆ ಬೆಲೆಯ ಸೈಕಲ್ಲಿಗೆ ಪೆಡಲ್ ಬರುತ್ತದೆ, ಹೆಚ್ಚು ಬೆಲೆಯದಕ್ಕೆ ಬರುವುದಿಲ್ಲ. ಇದರ ತರ್ಕವನ್ನು ನಾನು ಇನ್ನೂ ಯೋಚಿಸುತ್ತಿದ್ದೇನೆ. ಬಸ್ ಸ್ಟಾಪಿನ ಹತ್ತಿರದ ಸೈಕಲ್ ಅಂಗಡಿಯಲ್ಲಿ ನೂರೆಂಬತ್ತು ರೂಪಾಯಿಗೆ ಒಂದು ಜೊತೆ ಕೊಂಡು ನಾನೇ ಹಾಕಿದೆ. ಗೀರು ಬಿದ್ದರೆ ಗತಿಯೇನೆಂದು ಏರುವ ಧೈರ್ಯ ಬರದೆ, ಮಾರನೆಯ ದಿನ ಕಾರ್ಖಾನೆಯವರೆಗೂ ತಳ್ಳಿಕೊಂಡೇ ಹೋದೆ. ದಾರಿಯಲ್ಲಿ ನಾಲ್ಕು ಜನ ಕನಿಕರದಿಂದ ಪಂಚರ್ ಅಂಗಡಿ ತೋರಿಸಿದರು.

ಅಂದು ಆಯುಧ ಪೂಜೆಯ ಹಿಂದಿನ ದಿನ. ಪೀಣ್ಯದಲ್ಲಿ ಆ ದಿನ ಮಧ್ಯಾಹ್ನದ ಮೇಲೆ ಯಾವ ಕಾರ್ಖಾನೆಯಲ್ಲೂ ಕೆಲಸ ನಡೆಯುವುದಿಲ್ಲ. ಲೇತು, ಡ್ರಿಲ್ಲು, ಸ್ಪ್ಯಾನರು ಎಲ್ಲವನ್ನೂ ಉಜ್ಜಿ, ಒರೆಸಿ, ಹೊಳೆಯುವ ಕಬ್ಬಿಣಕ್ಕೆಲ್ಲ ಎಣ್ಣೆ ಬಟ್ಟೆ ಆಡಿಸಿ ಪೂಜೆಗೆ ಅಣಿ ಮಾಡುವುದು ಪದ್ಧತಿ. ಹೀಗಾಗಿ ಸೈಕಲ್ಲಿನ ಪರೀಕ್ಷೆಗೆ ಬೇಕಾದಷ್ಟು ಬಿಡುವೂ ಇತ್ತು, ಬೇಕಾದಷ್ಟು ಜನವೂ ಇದ್ದರು. ಗುಜರಿ ತೂಗುವ ತಕ್ಕಡಿಯಲ್ಲಿ ತೂಗಿದೆವು, ಹದಿಮೂರು ಕೆಜಿ ಬಂತು. ಹ್ಯಾಂಡಲ್ಲಿನ ಒಂದು ಗುಂಡಿ ಒತ್ತಿದರೆ ಸೀಟು ತಾನಾಗಿ ಮೇಲೇಳುತ್ತಿತ್ತು. ಅದನ್ನು ಎಲ್ಲರೂ ಸರದಿಯಲ್ಲಿ ನಿಂತು ನೋಡಿದರು. ನಾನು ಕೂದಲೆಳೆಯನ್ನೂ ಅಳೆಯುವ ವರ್ನಿಯರ್ ಹಿಡಿದು ಹಿಂದಿನ ಚಕ್ರದ ಸಸ್ಪೆನ್ಷನ್ನಿನ ಕೊಂಡಿಗಳ ಹತ್ತಿರ ಕುಳಿತೆ. ಎಡದ್ದು, ಬಲದ್ದು, ಮೇಲಿನದ್ದು, ಕೆಳಗಿನದ್ದು ಎಲ್ಲ ಅಳೆದೆ. ಯಾರಿಗೂ ಕಾಣದ ಒಳಬದಿಯಲ್ಲೂ ಅಂಚುಗಳನ್ನು ನಯ ಮಾಡಿದ್ದರು. ಕೆಂಪು ಬಣ್ಣ ಬಳಿಯಲು ಇಷ್ಟಗಲ ಜಾಗವೂ ಸಿಗಲಿಲ್ಲ. ಸುಳ್ಳೇಕೆ ಹೇಳಲಿ, ಹೊಟ್ಟೆಕಿಚ್ಚಾಯಿತು.

ನಮ್ಮ ಲೇತಿನ ಯಮನಪ್ಪ, ಬಾಗಲಕೋಟೆ ಕಡೆಯವನು, ಹದಿನೈದು ವರ್ಷದಿಂದ ನನ್ನಿಂದ ಬೈಸಿಕೊಂಡು ಕೆಲಸ ಮಾಡುತ್ತಿರುವವನು. ಆ ಕೊಂಡಿಯ ಮೇಲೆ ಹೆಬ್ಬೆರಳು ಆಡಿಸಿ ಮೆಲ್ಲಗೆ ಹೇಳಿದ: "ಇದನ್ನ ಮಾಡಿದಾಂವ ಮನಿಗೆ ಹೋಗೋ ಗಡಿಬಿಡ್ಯಾಗ ಮಾಡಿಲ್ರೀ ಸರ."

ನನ್ನ ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಇಷ್ಟು ಸರಿಯಾದ ವರದಿಯನ್ನು ನಾನು ಬರೆದಿಲ್ಲ. ಸಂಜೆ ಎಲ್ಲರೂ ಯಂತ್ರಗಳನ್ನು ಒರೆಸತೊಡಗಿದಾಗ, ನನಗೂ ಸೈಕಲ್ಲಿನ ಮೇಲೆ ಮಮತೆ ಉಕ್ಕಿ ನಾನೇ ಒಂದು ಎಣ್ಣೆ ಬಟ್ಟೆ ತೆಗೆದುಕೊಂಡೆ. ಚಕ್ರಕ್ಕೊಂದರಂತೆ ಎರಡು ತಟ್ಟೆಗಳು ಫಳಫಳ ಹೊಳೆಯುತ್ತಿದ್ದವು. ಅವನ್ನು ಎರಡು ಸಲ ಒರೆಸಿದೆ. ಅವು ಡಿಸ್ಕ್ ಬ್ರೇಕಿನ ತಟ್ಟೆಗಳು, ಅಲ್ಲಿಗೆ ಎಣ್ಣೆ ಮುಟ್ಟಿಸಬಾರದು ಎಂಬುದು ನನಗೆ ಗೊತ್ತಿಲ್ಲವೆಂದಲ್ಲ. ಆದರೆ ಆಯುಧ ಪೂಜೆಯ ಹಿಂದಿನ ಸಂಜೆ ಪೀಣ್ಯದವರ ಕೈ ತಲೆಯನ್ನು ಕೇಳಿಕೊಂಡು ಕೆಲಸ ಮಾಡುವುದಿಲ್ಲ.

ಮರುದಿನ ಪೂಜೆಯಾಯಿತು. ಲೇತಿಗೆ ಬಾಳೆಕಂದು, ಸೈಕಲ್ಲಿಗೆ ಚೆಂಡುಹೂವಿನ ಹಾರ, ಚಕ್ರದಡಿಗೆ ನಿಂಬೆಹಣ್ಣು. ನಿಂಬೆಹಣ್ಣಿನ ಮೇಲೆ ಹತ್ತಿಸಿ ಒಂದು ಸುತ್ತು ಹೋಗಿ ಬರಬೇಕೆಂದು ಕಾರ್ಖಾನೆಯ ಮಾಲೀಕರು ಹೇಳಿದರು. ಬೇಡವೆನ್ನುವ ಹಾಗಿಲ್ಲ, ಪೂಜೆಯ ಮಾತು. ಹೊಸ ಪಂಚೆಯನ್ನು ಮೇಲಕ್ಕೆ ಕಟ್ಟಿ ಏರಿದೆ. ನಮ್ಮ ಗೇಟಿನಿಂದ ರಸ್ತೆಗೆ ಇಳಿಜಾರು, ಇಳಿಜಾರಿನ ಕೊನೆಗೆ ಒಂದು ಗುಂಡಿ. ಆ ಗುಂಡಿ ನನಗೆ ಬಹಳ ವರ್ಷಗಳ ಪರಿಚಯ. ಸ್ಕೂಟರಿನಲ್ಲಿ ದಿನಕ್ಕೆರಡು ಸಲ ಅದರಲ್ಲಿ ಇಳಿದು ಎದ್ದೇ ನನ್ನ ಸೊಂಟ ಹೀಗಾಗಿರುವುದು. ಬ್ರೇಕು ಹಿಡಿದೆ, ಸೈಕಲ್ಲು ನಿಲ್ಲಲಿಲ್ಲ. ಇನ್ನೂ ಬಲವಾಗಿ ಹಿಡಿದೆ, ಇನ್ನೂ ಜೋರಾಗಿ ಹೋಯಿತು. ಗುಂಡಿ ಬಂತು. ಕಣ್ಣು ಮುಚ್ಚಿ ಹಲ್ಲು ಕಚ್ಚಿಕೊಂಡೆ. ಏನೂ ಆಗಲಿಲ್ಲ. ಕಣ್ಣು ಬಿಟ್ಟಾಗ ಗುಂಡಿ ಹಿಂದೆ ಇತ್ತು. ಸೊಂಟಕ್ಕೆ ಅದು ಗೊತ್ತೇ ಆಗಿರಲಿಲ್ಲ. ನನಗೆ ನಗು ಬಂತು. ನಲವತ್ತೊಂಬತ್ತು ವರ್ಷದವನು, ಪಂಚೆ ಹಾರಾಡಿಸಿಕೊಂಡು, ಬ್ರೇಕಿಲ್ಲದ ಸೈಕಲ್ಲಿನ ಮೇಲೆ ನಗುತ್ತಾ ಹೋಗಿ, ಪಕ್ಕದ ಕಾರ್ಖಾನೆಯವರು ಪೂಜೆಗೆಂದು ತಂದು ಒಟ್ಟಿದ್ದ ಬಾಳೆಕಂದುಗಳ ರಾಶಿಗೆ ನುಗ್ಗಿ ನಿಂತೆ. ಅವರು ಎಬ್ಬಿಸಿ ಕೂರಿಸಿ ಕಡ್ಲೆಪುರಿ ಪ್ರಸಾದ ಕೊಟ್ಟರು. ಮೊಣಕೈ ತರಚಿತ್ತು. ಸೈಕಲ್ಲಿಗೆ ಒಂದು ಗೀರೂ ಇರಲಿಲ್ಲ.

ಮನೆಯಲ್ಲಿ ಸುಧಾ ಗಾಯಕ್ಕೆ ಅರಿಶಿನ ಹಚ್ಚುತ್ತಾ ದಾರಿಯನ್ನೂ ತೋರಿಸಿದಳು. "ಬ್ರೇಕ್ ಹಿಡೀಲಿಲ್ಲ ಅಂತ ಹೇಳ್ಬಿಡಿ. ಸುಳ್ಳೇನಲ್ವಲ್ಲ. ಅಶ್ವಿನಿಗೂ ಸಮಾಧಾನ ಆಗತ್ತೆ." ಮಾತು ಬಹಳ ಅನುಕೂಲವಾಗಿತ್ತು. ಆದರೆ ಆ ತಪ್ಪು ಸೈಕಲ್ಲಿನದಲ್ಲ, ನನ್ನದು. ಒಂದು ಒಳ್ಳೆಯ ಕೆಲಸಕ್ಕೆ ನನ್ನ ತಪ್ಪಿನ ಕೆಂಪು ಬಣ್ಣ ಬಳಿಯಲು ಮನಸ್ಸು ಬರಲಿಲ್ಲ. ಹಬ್ಬ ಮುಗಿದ ಮೇಲೆ ದೊಡ್ಡ ಸೈಕಲ್ ಅಂಗಡಿಯೊಂದಕ್ಕೆ ಒಯ್ದೆ. ಅಲ್ಲಿಯ ಮೆಕ್ಯಾನಿಕ್ ತಟ್ಟೆಯ ಮೇಲೆ ಬೆರಳಾಡಿಸಿ ಮೂಸಿ ನೋಡಿ, "ಇದಕ್ಕೆ ಎಣ್ಣೆ ಹಾಕಿದ್ಯಾರು ಸಾರ್?" ಎಂದ. "ಯಾರೋ ವರ್ಕರ್ಸು," ಎಂದೆ. ಪ್ರಾಮಾಣಿಕತೆಗೂ ಒಂದು ಮಿತಿ ಇದೆ. ಬ್ರೇಕಿನ ಪ್ಯಾಡುಗಳನ್ನು ಬದಲಾಯಿಸಿಕೊಂಡು ಬಂದೆ.

ಅಂದೇ ನಾಗೇಶನಿಗೆ ಫೋನು ಮಾಡಿ ಎಣ್ಣೆಯ ಸಂಗತಿಯನ್ನೂ ಬಚ್ಚಿಡದೆ ಎಲ್ಲ ಹೇಳಿ, "ನೋಡಪ್ಪ, ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಒಂದೊಂದು ಪೈಸೇನೂ ಕೆಲಸದಲ್ಲಿ ಕಾಣತ್ತೆ. ತಗೋ," ಎಂದೆ. ಸಂತೋಷದಿಂದ ಕುಣಿದಾಡುತ್ತಾನೆ ಎಂದುಕೊಂಡಿದ್ದೆ.

"ನಿಜವಾಗ್ಲೂ ಓಕೆನಾ ಭಾವ?" ದನಿ ಇಳಿದಿತ್ತು. "ಏನೋ ಒಂದು ತಪ್ಪು ಇರ್ಬೇಕಲ್ಲ, ಸರಿಯಾಗಿ ನೋಡಿ. ನಾನು ಆಫೀಸಲ್ಲಿ ತಗೋತೀನಿ ಅಂತ ಹೇಳಿ ಆಗೋಗಿತ್ತು. ಅಷ್ಟು ದುಡ್ಡು ನನಗೂ ಭಯವೇ. ನೀವು ಬೇಡ ಅಂತೀರ, ನಿಮ್ಮ ಹೆಸರು ಹೇಳಿ ತಪ್ಪಿಸ್ಕೊಳ್ಳೋಣ ಅಂತಿದ್ದೆ. ನೀವು ಇದುವರೆಗೂ ಯಾವುದಕ್ಕೆ ಓಕೆ ಅಂದಿದೀರ ಹೇಳಿ."

ಯೋಚಿಸಿದೆ. ನೆನಪಾಗಲಿಲ್ಲ. ನೆಂಟರಿಷ್ಟರು ಇಷ್ಟು ವರ್ಷ ನನ್ನನ್ನು ಕರೆದುಕೊಂಡು ಹೋಗುತ್ತಿದ್ದದ್ದು ಕೊಳ್ಳುವುದಕ್ಕಲ್ಲ, ಕೊಳ್ಳದೆ ಬರುವುದಕ್ಕೆ. ಅಷ್ಟರಲ್ಲಿ ನಾಗೇಶನ ದನಿಗೆ ಜೀವ ಬಂತು. "ಭಾವ, ಅಷ್ಟು ಚೆನ್ನಾಗಿದ್ರೆ ನೀವೇ ಯಾಕೆ ತಗೋಬಾರ್ದು? ಮೂರೂವರೆಗೆ ಮಾತಾಡಿಸ್ತೀನಿ. ನಿಮ್ಮ ಚೀಟಿ ದುಡ್ಡು ಬರೋದಿದೆಯಲ್ಲ."

ನನ್ನ ಬಾಯಿ ಒಂದು ಕ್ಷಣವೂ ತಡಮಾಡಲಿಲ್ಲ. ಎರಡನೇ ಮಹಡಿಗೆ ಹೊತ್ತುಕೊಂಡು ಹತ್ತಬೇಕು ಎಂದೆ. ನಿಲ್ಲಿಸಲು ಸ್ಟ್ಯಾಂಡಿಲ್ಲ, ತರಕಾರಿ ತರಲು ಕ್ಯಾರಿಯರ್ರಿಲ್ಲ, ಮಳೆಗೆ ಮಡ್‌ಗಾರ್ಡಿಲ್ಲ, ಪ್ಯಾಡಿನ ಬೆಲೆ ಕೇಳಿದರೆ ಎದೆ ಒಡೆಯುತ್ತದೆ, ಮೇಲಾಗಿ ಸೀಟು ಸ್ವಲ್ಪ ಗಟ್ಟಿ ಎಂದೆ. ಒಂದೇ ಉಸಿರಿನಲ್ಲಿ ಆರು ತಪ್ಪು ಹೇಳಿ ಮುಗಿಸಿದಾಗ ನಾಗೇಶ, "ಹಾಗಾದ್ರೆ ಬೇಡ ಅಂತೀರ," ಎಂದು ನೆಮ್ಮದಿಯಿಂದ ಉಸಿರುಬಿಟ್ಟು, ನಾನು ಉತ್ತರ ಕೊಡುವ ಮೊದಲೇ, "ಅಶ್ವಿನೀ, ಭಾವ ಬೇಡ ಅಂದ್ರು," ಎಂದು ಒಳಗೆ ಕೂಗಿ ಫೋನು ಇಟ್ಟ.

ಸುಧಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಅವನ ದುಡ್ಡಾಗಿದ್ದಾಗ ಒಂದು ತಪ್ಪೂ ಇರ್ಲಿಲ್ಲ ಅಲ್ವೇನ್ರೀ," ಎಂದು ಮಾತ್ರ ಹೇಳಿ ಒಳಗೆ ಹೋದಳು. ನಾನು ಕೆಳಗಿಳಿದು ಹೋಗಿ, ಗೋಡೆಗೆ ಒರಗಿದ್ದ ಸೈಕಲ್ಲಿನ ಮುಂದೆ ಕುಳಿತು, ಸೀಟು ನಿಜವಾಗಿಯೂ ಗಟ್ಟಿಯೇ ಎಂದು ಬಹಳ ಹೊತ್ತು ಒತ್ತಿ ಒತ್ತಿ ನೋಡಿದೆ. ಮೆತ್ತಗಿತ್ತು.